ಸಿರಪ್ ಕುಡಿದು ಕಕ್ಕ ಕಪ್ಪಾದರೆ
ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್‌ನಿಂದ ಎರಡು ವರ್ಷದ ಮಗಳ ಕಕ್ಕ ಕಪ್ಪಾಗಿದೆ, ನಿಲ್ಲಿಸಲಾ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಮೈ ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣ ಅದು. ಡಾಂಬರಿನ ಹಾಗೆ ಅಂಟಂಟಾಗಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ರಕ್ತಹೀನತೆ ತಡೆಯುವ ಸರ್ಕಾರದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದ ಪ್ರಕಾರ 6ರಿಂದ 59 ತಿಂಗಳವರೆಗೆ ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿ.ಲೀ. ಅಷ್ಟರಲ್ಲಿ 20 ಮಿ.ಗ್ರಾಂ ಕಬ್ಬಿಣ ಇರುತ್ತದೆ. ಚಮಚದ ಅಂದಾಜು ಬೇಡ, ಅಳತೆಯ ಗೆರೆ ನೋಡಿ. ಊಟವಾದ ಮೇಲೆ ಕುಡಿಸಿ, ಹಾಲು-ಚಹಾದ ಜೊತೆ ಬೇಡ. ಜ್ವರವಿದ್ದರೆ ಇಳಿಯುವ ತನಕ ತಡೆಯಿರಿ.

ಇನ್ನೊಂದು, ನಮ್ಮ ಕಡೆ ಮಳೆಗಾಲದ ಒದ್ದೆ ತೋಟದಲ್ಲಿ ಮಕ್ಕಳು ಬರಿಗಾಲಲ್ಲೇ ಓಡಾಡುತ್ತವೆ. ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಹೊಕ್ಕು ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಚಪ್ಪಲಿ ಹಾಕಿಸಿ. ಅಂಗನವಾಡಿಯ ಜಂತುಹುಳು ಮಾತ್ರೆಯನ್ನೂ ತಪ್ಪಿಸಬೇಡಿ. ಎರಡು ವರ್ಷ ತುಂಬಿದವರಿಗೆ 400 ಮಿ.ಗ್ರಾಂನ ಇಡೀ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿ.