45ನೇ ವಯಸ್ಸಿನಲ್ಲಿ ಕೆಲಸ ಹೋಗಿದೆ, ಯಾವುದರಲ್ಲೂ ಆಸಕ್ತಿ ಹುಟ್ಟುತ್ತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯ್ತು, ಮನಸ್ಸಿನಿಂದ ಹೋಗಲಿಲ್ಲ. ಹದಿನೆಂಟು ವರ್ಷದ ಕೆಲಸ ಹೋಗಿದೆ, ಮಗಳು ಹಾಸ್ಟೆಲ್ ಸೇರಿದ್ದಾಳೆ, ಎಲ್ಲರೂ "ನಿನಗೆ ಇಷ್ಟವಾದದ್ದನ್ನು ಹುಡುಕಿಕೋ" ಅಂತಾರೆ, ಆದರೆ ಇಷ್ಟವೇ ಹುಟ್ಟುತ್ತಿಲ್ಲ ಎಂದು ಬರೆದಿದ್ದೀರಿ. ಆ ಕೊನೆಯ ಮಾತು ನನಗೆ ಚೆನ್ನಾಗಿ ಗೊತ್ತು.

ನಾನು ಬಾಗಲಕೋಟೆಯವನು. ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನನಗೆ 47 ಆದಾಗ ಅಂಗಡಿ ಮುಚ್ಚಿತು. ನಾನೂ ಒಂದು ನೋಟ್‌ಬುಕ್ ತಂದು ಪಟ್ಟಿ ಮಾಡಿದೆ: ನನಗೇನು ಇಷ್ಟ, ನನಗೇನು ಬರುತ್ತದೆ. ಬರೆದಷ್ಟೂ ಮನಸ್ಸು ಖಾಲಿಯಾಯಿತು. ಪೆಟ್ಟು ತಿಂದ ಮನಸ್ಸನ್ನು ಎದುರಿಗೆ ಕೂರಿಸಿ "ನಿನಗೇನು ಬೇಕು ಹೇಳು" ಅಂತ ಕೇಳಬಾರದು ಅಂತ ಈಗ ಅನಿಸುತ್ತದೆ. ಆಗ ಅದಕ್ಕೆ ಬೇಕಾಗಿರುವುದು ಒಂದೇ, ಕಳೆದುಹೋದದ್ದು ವಾಪಸ್ ಬರಬೇಕು. ಅದು ಬರುವುದಿಲ್ಲ.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ನಮ್ಮ ಮನೆಯೂ ಹೋಯಿತು. ನವನಗರದಲ್ಲಿ ಜಾಗ ಸಿಕ್ಕಿತು. ಓಣಿಗೆ ಹೆಸರಿತ್ತು, ಇಲ್ಲಿ ಸೆಕ್ಟರ್ ನಂಬರು. ಅಪ್ಪ ಹಳೇ ಮನೆಯ ಬಾಗಿಲು, ತೊಲೆ ಬಿಚ್ಚಿ ತಂದರು. ಜೊತೆಗೆ ಒಂದು ತಗಡಿನ ಟ್ರಂಕು. ಅದನ್ನು ಅವರು ಕೊನೆತನಕ ಯಾರಿಗೂ ಮುಟ್ಟಲು ಬಿಡಲಿಲ್ಲ. ಕೆಲಸ ಹೋದ ಐದನೇ ತಿಂಗಳು ನಾನು ಸುಮ್ನೆ ಹೊತ್ತು ಕಳೆಯಲು ಅದನ್ನು ತೆರೆದೆ. ಒಳಗೆ ಹಳದಿಯಾದ ಕಾಗದಗಳು. ಒಂದಕ್ಷರವೂ ಓದಲು ಬರಲಿಲ್ಲ. ಪಕ್ಕದ ಮನೆಯ ನಿವೃತ್ತ ಮಾಸ್ತರರು ನೋಡಿ, "ಇದು ಮೋಡಿ ಲಿಪಿ" ಅಂದರು.

ಮೋಡಿ ಅಂದರೆ ಮಾಟದ ಮೋಡಿ ಅಲ್ಲ. ಮರಾಠಿಯನ್ನು ಬೇಗ ಬೇಗ ಬರೆಯಲು ಇದ್ದ ಲಿಪಿ. ಮೊದಲು ಕಾಗದದ ಉದ್ದಕ್ಕೂ ಒಂದು ಗೆರೆ ಎಳೆಯುತ್ತಾರೆ, ಆಮೇಲೆ ಲೇಖನಿ ಎತ್ತದೆ ಅದರ ಕೆಳಗೆ ಅಕ್ಷರ ಜೋಡಿಸುತ್ತಾ ಹೋಗುತ್ತಾರೆ. ಪದಗಳ ನಡುವೆ ಜಾಗ ಬಿಡುವುದಿಲ್ಲ. ಇ-ಈ, ಉ-ಊ ನಡುವೆ ವ್ಯತ್ಯಾಸ ಇಲ್ಲ. ನಮ್ಮ ಕಡೆ ಮೊದಲು ಪೇಶ್ವೆಯವರ ಆಳ್ವಿಕೆ ಇತ್ತು, ಆಮೇಲೆ 1956ರವರೆಗೆ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಹಾಗಾಗಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಳೇ ಮನೆಗಳಲ್ಲಿ ಇಂಥ ಕಾಗದ ಇನ್ನೂ ಇವೆ. ಓದುವವರು ಕಡಿಮೆ.

ಮಾಸ್ತರರಿಗೆ ಅರ್ಧಂಬರ್ಧ ಬರುತ್ತಿತ್ತು. ಅಷ್ಟೇ ಕಲಿಸಿದರು. ಉಳಿದದ್ದು ಪುಸ್ತಕ, ಮೊಬೈಲ್ ನೋಡಿಕೊಂಡು. ದಿನಾ ಬೆಳಿಗ್ಗೆ ಒಂದು ಗಂಟೆ, ಒಂದು ಸಾಲು. ಮೊದಲ ಮೂರು ತಿಂಗಳು ನನಗೆ ಯಾವ ಖುಷಿಯೂ ಆಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಆಸಕ್ತಿ ಮೊದಲು ಬರುತ್ತದೆ, ಆಮೇಲೆ ಕೆಲಸ ಅಂತ ನಾವು ತಿಳಿದುಕೊಂಡಿದ್ದೇವೆ, ಅಲ್ವಾ? ನನಗೆ ಉಲ್ಟಾ ಆಯಿತು.

ಒಂದು ದಿನ ಒಂದು ಕಾಗದದಲ್ಲಿ ಇಸವಿಯ ಸಾಲು ಬಿಡಿಸುತ್ತಿದ್ದೆ. ಅಂಕಿ ಇಲ್ಲ, ಪದಗಳಿವೆ: "ಇಸನ್ನೆ ಸಮಾನೀನ್ ಮಯಾ ವ ಅಲಫ್". ಅರಬ್ಬಿ ಸಂಖ್ಯೆಗಳು. ಎರಡು, ಎಂಬತ್ತು, ನೂರು, ಸಾವಿರ. ಬಿಡಿ ಅಂಕಿ ಮೊದಲು, ಸಾವಿರ ಕೊನೆಗೆ. ಕೂಡಿಸಿದರೆ 1182. ಇದು ಶುಹೂರ್ ಸನ್ ಅನ್ನುವ ಲೆಕ್ಕ. ಈ ಲೆಕ್ಕದಲ್ಲಿ ವರ್ಷ ಶುರುವಾಗುವುದು ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದಾಗ. ನಮ್ಮ ರೈತರು ಮಿರಗ ಅಂತಾರಲ್ಲ, ಅದೇ. ನಮ್ಮ ಈಗಿನ ಇಸವಿ ಬೇಕಾದರೆ ಅದಕ್ಕೆ 599 ಕೂಡಿಸಬೇಕು, ಜನವರಿಯಿಂದ ಮುಂದಿನ ಮಿರಗದೊಳಗಿನ ದಿನವಾದರೆ 600. ಅಂದರೆ 1781 ಅಥವಾ 1782. ನಮ್ಮ ಮನೆಯ ಟ್ರಂಕಿನಲ್ಲಿ, ಮಿರಗದಿಂದ ವರ್ಷ ಎಣಿಸಿದ ಯಾರೋ ಗುಮಾಸ್ತನ ಕೈಬರಹ! ನನ್ನ ಹಾಗೇ ಲೆಕ್ಕ ಬರೆದವನು. ಅವತ್ತು ಮಧ್ಯಾಹ್ನದ ಊಟ ಮರೆತೆ. ಕೆಲಸ ಹೋದ ಮೇಲೆ ಹಸಿವು ಮರೆತದ್ದು ಅದೇ ಮೊದಲು.

ಆದರೂ ಅದು ಹವ್ಯಾಸವಾಗಿಯೇ ಉಳಿಯುತ್ತಿತ್ತೇನೋ. ಮಾಸ್ತರರು ಯಾರಿಗೋ ಹೇಳಿದರು, ಅವರು ಇನ್ಯಾರಿಗೋ. ಬೀಳಗಿ ಕಡೆಯ ಒಬ್ಬ ವಯಸ್ಸಾದ ರೈತರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲು ಮಾಡಿಕೊಂಡ ಪತ್ರ, ತಂದರು. "ತಮ್ಮಾ, ಇದರಾಗ ನಮ್ಮ ಮುತ್ಯಾನ ಹೆಸರು ಐತೇನು ನೋಡು" ಅಂದರು. ಹೊಲ ಆಗಲೇ ನೀರಿಗೆ ಹೋಗಿತ್ತು. ಅವರಿಗೆ ದುಡ್ಡಿನ ಆಸೆ ಇರಲಿಲ್ಲ, ಹೆಸರು ಕೇಳಬೇಕಿತ್ತು. ನಾಲ್ಕು ದಿನ ಹಿಡಿಯಿತು. ಹೆಸರು ಇತ್ತು. ಹೊಲದ ನಾಲ್ಕು ಗಡಿಯೂ ಇತ್ತು. ಮೂಡಣಕ್ಕೆ ಹಳ್ಳ, ಪಡುವಣಕ್ಕೆ ಬೇವಿನ ಗಿಡ. ಓದಿ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡು ಕೂತರು. ಆ ಬೇವಿನ ಗಿಡದಡಿ ತಾವು ಬುತ್ತಿ ಉಂಡದ್ದಿದೆ ಅಂದರು.

ನನಗೆ ಯಾವುದರಲ್ಲಿ ಇಷ್ಟ ಅನ್ನುವ ಪ್ರಶ್ನೆ ಅವತ್ತೇ ನಿಂತುಹೋಯಿತು. ಯಾರೋ ಕಾಯುತ್ತಿದ್ದಾರೆ ಅಂತ ಗೊತ್ತಾದರೆ ಬೆಳಿಗ್ಗೆ ಎದ್ದೇಳಲು ಬೇರೆ ಕಾರಣ ಬೇಕಿಲ್ಲ.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ಇದರಿಂದ ಮನೆ ನಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ, ಅದೇ ಅನ್ನ. ನೀವೂ ಮೊದಲು ತಿಂಗಳ ಖರ್ಚಿಗೆ ಏನಾದರೂ ದಾರಿ ಮಾಡಿಕೊಳ್ಳಿ, ಚಿಕ್ಕದಾದರೂ ಸರಿ. ಬಾಡಿಗೆಯ ಚಿಂತೆ ತಲೆಯಲ್ಲಿದ್ದರೆ ಬೇರೇನೂ ಒಳಗೆ ಇಳಿಯುವುದಿಲ್ಲ. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಅದು ಬರೀ ಬೇಸರ ಅಲ್ಲದೇ ಇರಬಹುದು. ದಯವಿಟ್ಟು ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇನ್ನು ನಿಮಗೆ ಮೋಡಿ ಕಲಿಯಿರಿ ಅಂತ ನಾನು ಹೇಳುತ್ತಿಲ್ಲ. ಹದಿನೆಂಟು ವರ್ಷ ಗೋದಾಮಿನ ಸ್ಟಾಕ್ ನೋಡಿದ್ದೀರಿ ಅಂತ ಬರೆದಿದ್ದೀರಿ. ನಿಮ್ಮ ಓಣಿಯ ಗ್ರಂಥಾಲಯ, ಶಾಲೆಯ ಬಿಸಿಯೂಟದ ಕೋಣೆ, ಪರಿಚಯದವರ ಔಷಧಿ ಅಂಗಡಿ, ಎಲ್ಲೋ ಒಂದು ಕಡೆ ಸಾಮಾನು ಅಸ್ತವ್ಯಸ್ತ ಬಿದ್ದಿರುತ್ತದೆ. ಒಂದು ಕಡೆ ಹೋಗಿ ಕೇಳಿ. ಮೂರು ತಿಂಗಳು ಖುಷಿ ಬಂದರೂ ಬರದಿದ್ದರೂ ಹೋಗಿ. ಆಮೇಲೆ ಬೇಕಾದರೆ ಬಿಡಿ. ಮೂರು ವಾರಕ್ಕೇ ಬಿಡಬೇಡಿ, ಅಷ್ಟೇ ನನ್ನ ಕೋರಿಕೆ.

ನಾಳೆ ಮುಧೋಳದಿಂದ ಒಬ್ಬ ತಾಯಿ ಬರುವವರಿದ್ದಾರೆ. ಕೋರ್ಟಿಗೆ ನನ್ನ ಓದು ನಡೆಯುವುದಿಲ್ಲ, ಅದಕ್ಕೆ ವಕೀಲರನ್ನೇ ಕೇಳಬೇಕು ಅಂತ ಮೊದಲೇ ಹೇಳಿದ್ದೇನೆ. ಆದರೂ ಬರುತ್ತಾರಂತೆ. ಅವರ ಕಾಗದದ ಒಂಬತ್ತು ಸಾಲು ಮುಗಿದಿದೆ. ಹತ್ತನೇ ಸಾಲಿನಲ್ಲಿ ಯಾರದೋ ಹೆಂಡತಿಯ ಹೆಸರಿದೆ, ನಡುವೆ ಹುಳ ತಿಂದಿದೆ. ಬೆಳಕು ಹರಿದ ಮೇಲೆ ಇನ್ನೊಮ್ಮೆ ಕಿಟಕಿ ಹತ್ತಿರ ಹಿಡಿದು ನೋಡುತ್ತೇನೆ.