ಓದುಗರ ಪ್ರಶ್ನೆ: ಬೋರ್ಡಿಂಗ್ ಪಾಸ್ ಬರೆದವರು ಲೋಡ್ ಶೀಟ್ ಬರೆಯಬಲ್ಲರೇ?

ಪ್ರಶ್ನೆ: 2024ರ ಜುಲೈ 19ರಂದು ಕಂಪ್ಯೂಟರ್‌ಗಳು ಕೈಕೊಟ್ಟಾಗ ಹಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟರು. ಸಿಬ್ಬಂದಿ ಹಳೆಯ ಕೆಲಸವನ್ನು ಮರೆತಿಲ್ಲವೆಂದು ಇದರಿಂದ ತಿಳಿಯಬಹುದೇ?

ಉತ್ತರ: ತಿಳಿಯಲಾಗದು. ಬೋರ್ಡಿಂಗ್ ಪಾಸ್ ಬರೆಯಲು ಅಕ್ಷರಜ್ಞಾನವೇ ಸಾಕು. ನಿಜವಾದ ಪರೀಕ್ಷೆ ಇರುವುದು ಲೋಡ್ ಶೀಟ್‌ನಲ್ಲಿ. ಪ್ರಯಾಣಿಕರು, ಸಾಮಾನು, ಸರಕು, ಇಂಧನ ಇವೆಲ್ಲದರ ತೂಕವನ್ನು ಕೂಡಿಸಿ, ಯಾವ ಭಾರ ಎಲ್ಲಿದೆ ಎಂಬುದನ್ನು ಗಮನಿಸಿ, ವಿಮಾನದ ಗುರುತ್ವ ಕೇಂದ್ರವು ನಿಗದಿತ ಮಿತಿಯೊಳಗಿದೆಯೇ ಎಂದು ತಿಳಿಸುವ ದಾಖಲೆ ಅದು. ಹಿಂದೆ ಇದಕ್ಕಾಗಿ ಟ್ರಿಮ್ ಶೀಟ್ ಎಂಬ ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದರು. ಹಿಂಭಾಗದ ಸರಕು ಕೋಣೆಗೆ ಭಾರ ಹೆಚ್ಚಿದರೆ ಗೆರೆ ಎತ್ತ ಸರಿಯುತ್ತದೆ ಎಂಬುದು ಬರೆಯುವವರ ಕಣ್ಣೆದುರೇ ಇರುತ್ತಿತ್ತು. ಈಗ ಆ ನಡುವಿನ ಲೆಕ್ಕವೆಲ್ಲ ಯಂತ್ರದೊಳಗೆ ನಡೆಯುವುದರಿಂದ, ಬಂದ ಉತ್ತರವನ್ನು ಸಂದೇಹಿಸುವ ಅಭ್ಯಾಸವೇ ಕಳೆದುಹೋಗುತ್ತಿದೆ. ನನ್ನ ಮಟ್ಟಿಗೆ ನಿಜವಾದ ನಷ್ಟ ಇದು, ಕೈಬರಹದ್ದಲ್ಲ.

ಉದಾಹರಣೆಗೆ, 2020ರ ಜುಲೈ 21ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಪಾಲ್ಮಾಕ್ಕೆ ಹೊರಟ ಬೋಯಿಂಗ್ 737ರಲ್ಲಿ, ಹೆಸರಿನ ಹಿಂದೆ ‘ಮಿಸ್’ ಎಂದಿದ್ದ 38 ಮಹಿಳೆಯರನ್ನು ತಂತ್ರಾಂಶವು ಮಕ್ಕಳೆಂದು ಎಣಿಸಿ, ತಲಾ 69 ಕಿಲೋ ಬದಲು 35 ಕಿಲೋ ಹಿಡಿಯಿತು. ಲೋಡ್ ಶೀಟ್ ನಿಜವಾದ ತೂಕಕ್ಕಿಂತ 1,200 ಕಿಲೋಗೂ ಮಿಕ್ಕಿ ಕಡಿಮೆ ತೋರಿಸಿದರೂ ವಿಮಾನ ಹೊರಟಿತು, ಅಪಾಯವೇನೂ ಆಗಲಿಲ್ಲ.

ಹಾಗೆಂದು ಕೈಲೆಕ್ಕವೆಲ್ಲ ಚಿನ್ನವೆಂದು ಹೇಳಲಾರೆ. 1983ರ ಜುಲೈನಲ್ಲಿ ಕೆನಡಾದ ಒಂದು ಬೋಯಿಂಗ್ 767ರ ಇಂಧನ ಮಾಪಕ ಕೆಟ್ಟಿದ್ದರಿಂದ ಅಳತೆಕಡ್ಡಿ ಇಳಿಸಿ ಲೆಕ್ಕ ಹಾಕಿದರು. ತೊಟ್ಟಿಯಲ್ಲಿದ್ದ 7,682 ಲೀಟರನ್ನು ಕಿಲೋಗೆ ಪರಿವರ್ತಿಸಲು ಸುಮಾರು 0.8ರಿಂದ ಗುಣಿಸಬೇಕಿತ್ತು, ಪೌಂಡಿನ ಲೆಕ್ಕದ 1.77ರಿಂದ ಗುಣಿಸಿದರು. ಹಾರಾಟದ ನಡುವೆ ಇಂಧನ ಮುಗಿದು, ವಿಮಾನವು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಗೆ ತೇಲುತ್ತ ಇಳಿಯಿತು, ಎಲ್ಲರೂ ಬದುಕುಳಿದರು. ಹಿಂದಿನ ವಿಮಾನಗಳಲ್ಲಿ ಈ ಲೆಕ್ಕ ಫ್ಲೈಟ್ ಎಂಜಿನಿಯರ್‌ನ ಪಾಲಿಗಿತ್ತು. ಹೊಸ ವಿಮಾನದಲ್ಲಿ ಆ ಹುದ್ದೆಯೇ ಇರಲಿಲ್ಲ. ಅದು ಯಾರ ಹೊಣೆ ಎಂಬುದೂ ಸ್ಪಷ್ಟವಿರಲಿಲ್ಲ. ಸೀಮೆಎಣ್ಣೆಯಂಥ ಇಂಧನ ನೀರಿಗಿಂತ ಹಗುರ, ಲೀಟರಿಗೆ ಒಂದು ಕಿಲೋ ಮೀರದು ಎಂಬ ಸಾಮಾನ್ಯ ಅಂದಾಜು ಅಂದು ಯಾರಿಗಾದರೂ ಹೊಳೆದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆದ್ದರಿಂದ ತರಬೇತಿಯಲ್ಲೊಮ್ಮೆ ಕೈಯಿಂದ ಬರೆಸಿ ಬಿಟ್ಟರೆ ಸಾಲದು. ಹೊರಟುಹೋದ ವಿಮಾನವೊಂದರ ಲೋಡ್ ಶೀಟನ್ನು ಸಿಬ್ಬಂದಿಯಿಂದ ಆಗಾಗ ಕಾಗದದ ಮೇಲೆ ಮಾಡಿಸಿ, ಯಂತ್ರದ ಅಂಕಿಯ ಜೊತೆ ಇಟ್ಟು ನೋಡಿಸಬೇಕು; ಅದೂ ಯಂತ್ರದ ಉತ್ತರವನ್ನು ಮೊದಲೇ ತೋರಿಸದೆ.