ಅಟ್ಟದ ಮೇಲಿನ ಮೂರು ಕಿಲೋ

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರ ಪತ್ರ: "ಐನ್‌ಮನೆಯ (ಕುಟುಂಬದ ಮೂಲಮನೆಯ) ಹಂಚು ಬದಲಿಸುವಾಗ ಒಲೆಯ ಮೇಲಿನ ಅಟ್ಟದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ತುಂಬ ಹಳೇ ತಾಮ್ರದ ಕಾಸು. ತೂಗಿದರೆ 3 ಕಿಲೋ. ಗುಜರಿಯವರು ಕಿಲೋಗೆ 800 ರೂಪಾಯಿ ಕೊಡುತ್ತೇವೆ ಅಂದರು. ತಮ್ಮ ಕೊಟ್ಟುಬಿಡೋಣ ಅನ್ನುತ್ತಾನೆ. ಮಗಳು ಬೇಡ ಅನ್ನುತ್ತಾಳೆ. ಅಮೆರಿಕದಲ್ಲಿ ಜನ ಹಳೇ ಸೆಂಟ್ ನಾಣ್ಯ ಕೂಡಿಡುತ್ತಿದ್ದಾರಂತೆ, ತಾಮ್ರ ಇನ್ನೂ ಏರುತ್ತದಂತೆ, ನಾವೂ ಇನ್ನಷ್ಟು ಕೊಂಡಿಡೋಣ ಅಂತ ಅವಳ ಮಾತು. ಯಾರ ಮಾತು ಕೇಳಲಿ? ಒಂದು ಕಾಸಿನ ಮೇಲೆ ಆನೆಯ ಹಾಗೆ ಏನೋ ಕಾಣುತ್ತದೆ. ಪೂರಾ ಕಪ್ಪಾಗಿದೆ. ಕಾಚಂಪುಳಿ (ನಮ್ಮ ಕಡೆಯ ಹುಳಿ ರಸ) ಹಾಕಿ ಉಜ್ಜಲಾ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಉಜ್ಜಬೇಡಿ. ಕಾಚಂಪುಳಿ, ಹುಣಸೆಹಣ್ಣು, ನಿಂಬೆ, ಬೂದಿ, ಯಾವುದೂ ಬೇಡ. ಹಂಡೆ ತೊಳೆಯಲು ಅವೆಲ್ಲ ಸರಿ. ಕಾಸಿನ ಮೇಲಿನ ಆ ಕಪ್ಪು ಒಳಗಿನ ಲೋಹವನ್ನು ಕಾಯುವ ಪದರ. ಹುಳಿ ಅದನ್ನು ತಿಂದುಹಾಕುತ್ತದೆ. ಜೊತೆಗೆ ಸವೆದು ಉಳಿದಿರುವ ಅಕ್ಷರವೂ ಹೋಗುತ್ತದೆ. ಉಜ್ಜಿ ಫಳಫಳ ಮಾಡಿದ ಹಳೇ ಕಾಸು ಸಂಗ್ರಹಕಾರರಿಗೆ ಇಷ್ಟವಾಗುವುದಿಲ್ಲ.

ಈಗ ತಮ್ಮನ ಮಾತು. 3 ಕಿಲೋಗೆ 2,400 ರೂಪಾಯಿ. ತಾಮ್ರದ ಬೆಲೆ ಏರಿರುವುದು ನಿಜವೇ. 2001ರ ಕೊನೆಯಲ್ಲಿ ಲಂಡನ್ ಪೇಟೆಯಲ್ಲಿ ಟನ್ ತಾಮ್ರ 1,400 ಡಾಲರ್ ಆಸುಪಾಸಿನಲ್ಲಿತ್ತು. 2024ರ ಮೇ ತಿಂಗಳಲ್ಲಿ 11,000 ಡಾಲರ್ ದಾಟಿತು. ವಿದ್ಯುತ್ ಕಾರು, ಸೋಲಾರ್, ಹೊಸ ವಿದ್ಯುತ್ ಲೈನು, ಎಲ್ಲಕ್ಕೂ ತಾಮ್ರ ಬೇಕು. ನಮ್ಮ ದೇಶದಲ್ಲಿ 2018ರಲ್ಲಿ ತೂತ್ತುಕುಡಿಯ ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೆ, ಶುದ್ಧ ತಾಮ್ರ ರಫ್ತು ಮಾಡುತ್ತಿದ್ದ ನಾವು ಹೊರಗಿನಿಂದ ತರಿಸುವವರಾದೆವು. ಇದೆಲ್ಲ ಕೊಡಗಿನವರಿಗೆ ಪೇಪರ್ ಓದಿ ಗೊತ್ತಾಗಬೇಕಿಲ್ಲ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರಲು ಹೋದಾಗಲೇ ಗೊತ್ತಾಗುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬಳ್ಳಿ ಉಳಿಯಬೇಕಾದರೆ ಇದನ್ನು ಹೊಡೆಯುವುದು ರೂಢಿ. ಆ ನೀಲಿ ಹರಳಿನೊಳಗೆ ಇರುವುದೂ ಇದೇ ತಾಮ್ರ. ಹಾಗಾಗಿ ನಿಮ್ಮ ತಮ್ಮನಿಗೆ ಡಬ್ಬಿ ನೋಡಿದ ಕೂಡಲೇ ದುಡ್ಡು ಕಂಡರೆ ನಾನು ತಪ್ಪು ಹೇಳಲಾರೆ.

ಆದರೆ ಆ 2,400 ರೂಪಾಯಿಗೆ ಏನು ಕೊಡುತ್ತಿದ್ದೀರಿ, ನೋಡಿ. ಒಂದು ಹಳೇ ಬಟ್ಟೆ ಹಾಸಿ ಕಾಸುಗಳನ್ನು ಅದರ ಮೇಲೆ ಸುರಿದು ಬೇರೆ ಮಾಡಿ.

1835 ಎಂದು ಬರೆದಿರುವ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ ಸಿಗಬಹುದು. ಒಂದೊಂದೂ ಆರೂವರೆ ಗ್ರಾಂ ಹತ್ತಿರ. ಕಂಪನಿಯವರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ಮರುವರ್ಷದ ಕಾಸು ಅದು. ಹಾಲೇರಿ ಅರಸರ ಕಾಲ ಮುಗಿದ ಮೇಲೆ ನಮ್ಮ ಹಿರಿಯರ ಕೈಗೆ ಬಂದ ಹೊಸ ದುಡ್ಡು. ಆಮೇಲೆ ವಿಕ್ಟೋರಿಯಾ ರಾಣಿಯ ತಲೆ ಇರುವವು ಬರುತ್ತವೆ. 1906ರ ನಂತರದವು ಹಗುರ. ತಾಮ್ರಕ್ಕೆ ಸ್ವಲ್ಪ ತವರ, ಸತು ಸೇರಿಸಿ ಕಂಚು ಮಾಡಿದರು. 1943ರಿಂದ ತೂತು ಕಾಸು. ಮಹಾಯುದ್ಧಕ್ಕೆ ತಾಮ್ರ ಬೇಕಾಗಿತ್ತು, ಅದಕ್ಕೇ ನಡುವೆ ತೂತು ಕೊರೆದು 2 ಗ್ರಾಮಿಗೆ ಇಳಿಸಿದರು. ತಾಮ್ರದ ಬೆಲೆ ಏರಿದ ಕಥೆ ಆ ತೂತಿನಲ್ಲೇ ಇದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಪ್ರೀತಿ ಓಡುವ ಕುದುರೆಯ ಕಾಸಿನ ಮೇಲೆ. ಗಣರಾಜ್ಯದ ಮೊದಲ ಕಾಸು ಅದು, 1950ರಿಂದ ಕೆಲವೇ ವರ್ಷ ಬಂತು. ಕೊಡಗು ಆಗ ತನ್ನದೇ ರಾಜ್ಯ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮಡಿಕೇರಿ ಸಂತೆಯಲ್ಲಿ ಆ ಕುದುರೆ ಕಾಸು ಕೈಯಿಂದ ಕೈಗೆ ಓಡಾಡಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಐದೇ ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ, ಆಣೆ ಹೋಗಿ ನಯಾಪೈಸೆ ಬಂತು. ರಾಜ್ಯವೂ ಹೋಯಿತು, ಲೆಕ್ಕವೂ ಬದಲಾಯಿತು. ಅಜ್ಜ ಅಜ್ಜಿಯರು ಎಷ್ಟೋ ವರ್ಷ ನಯಾಪೈಸೆಯನ್ನು ಆಣೆಗೆ ತಿರುಗಿಸಿಯೇ ಲೆಕ್ಕ ಮಾಡುತ್ತಿದ್ದರು. ನಿಮ್ಮ ಡಬ್ಬಿಯನ್ನು ವರ್ಷದ ಪ್ರಕಾರ ಜೋಡಿಸಿದರೆ ಕೊಡಗಿನ ನೂರಿಪ್ಪತ್ತು ವರ್ಷ ಆ ಬಟ್ಟೆಯ ಮೇಲೆ ಸಾಲಾಗಿ ಕೂರುತ್ತದೆ. ಗುಜರಿಯವರ ತಕ್ಕಡಿಗೆ ಇದರಲ್ಲಿ ಕುದುರೆ ಯಾವುದು, ರಾಣಿ ಯಾರು ಅಂತ ಗೊತ್ತಾಗುವುದಿಲ್ಲ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನಗೆ ಹತ್ತು ವರ್ಷವಿದ್ದಾಗ ನಮ್ಮ ಮನೆಗೆ ಪಾತ್ರೆ ಮಾರುವವರು ಬಂದರು. ಅಮ್ಮ ತಾಮ್ರದ ಹಂಡೆಯನ್ನೂ ಒಂದು ಬಟ್ಟೆ ಗಂಟಿನ ಕಾಸನ್ನೂ ತೂಕಕ್ಕೆ ಕೊಟ್ಟು ಎರಡು ಸ್ಟೀಲ್ ಕೊಡ ತಗೊಂಡರು. ಸ್ಟೀಲ್ ಆಗ ಹೊಸದು, ಎಲ್ಲರಿಗೂ ಆಸೆ. ಅಮ್ಮನದು ಏನೂ ತಪ್ಪಿಲ್ಲ. ಆ ಗಂಟಿನಲ್ಲಿ ಏನಿತ್ತು ಎಂದು ನಮ್ಮ ಮನೆಯಲ್ಲಿ ಯಾರೂ ಬಿಚ್ಚಿ ನೋಡಿರಲಿಲ್ಲ. ನನ್ನ ತಮ್ಮನ ಉಡಿದಾರದಲ್ಲಿ ಪೋಣಿಸಿದ್ದ ಒಂದು ತೂತು ಕಾಸು ಮಾತ್ರ ಉಳಿಯಿತು. ಅದು ಈಗ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಉಳಿದವನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಮಗಳ ಮಾತು. ಕೂಡಿಡಬೇಕು ಅಂದದ್ದಕ್ಕೆ ಅವಳಿಗೆ ನನ್ನ ಶಹಭಾಸ್ ಹೇಳಿ. ಆದರೆ ಕೊಂಡು ಕೂಡಿಡುವುದು ಬೇಡ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ 1982ಕ್ಕಿಂತ ಮುಂಚಿನ ಸೆಂಟ್‌ನಲ್ಲಿ ನೂರಕ್ಕೆ 95 ಪಾಲು ತಾಮ್ರ. ಆಮೇಲಿನದು ಸತು, ಮೇಲೆ ತಾಮ್ರದ ಲೇಪ. ಹಳೇ ಸೆಂಟ್‌ಗಳು ಚಿಲ್ಲರೆಯಲ್ಲಿ ಇನ್ನೂ ಸಿಗುತ್ತವೆ. ಒಂದು ಸೆಂಟ್ ಕೊಟ್ಟರೆ ಅದಕ್ಕಿಂತ ಜಾಸ್ತಿ ಬೆಲೆಯ ತಾಮ್ರ ಕೈಗೆ ಬರುತ್ತದೆ. ಅಷ್ಟಿದ್ದರೂ ಕರಗಿಸುವ ಹಾಗಿಲ್ಲ, 2006ರಿಂದ ಅಲ್ಲಿ ನಿಷೇಧ. ನಮ್ಮಲ್ಲಿ ಕಾಲಾಣೆಗೆ ಕಾಲಾಣೆ ಕೊಡುವವರು ಯಾರಿದ್ದಾರೆ? ತೂತು ಕಾಸಿನಲ್ಲಿ ಇರುವುದು ಒಂದೂವರೆ ರೂಪಾಯಿಯ ಲೋಹ. ವ್ಯಾಪಾರಿ ಅದಕ್ಕೆ ಹತ್ತಾರು ಪಟ್ಟು ಕೇಳುತ್ತಾನೆ. ತಾಮ್ರ ಎಷ್ಟು ಏರಿದರೆ ಆ ದುಡ್ಡು ವಾಪಸ್ ಬರಬೇಕು?

ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಮೊದಲ ನಯಾಪೈಸೆ ಒಂದೂವರೆ ಗ್ರಾಂ ಕಂಚು. ಕಿಲೋಗೆ 666 ಕಾಸು. ಅಂದರೆ 1957ರ 6 ರೂಪಾಯಿ 66 ಪೈಸೆ. ಇವತ್ತು ಗುಜರಿಯಲ್ಲಿ 800 ರೂಪಾಯಿ. ಕೇಳಲು ದೊಡ್ಡದು. ಅದೇ 6 ರೂಪಾಯಿ 66 ಪೈಸೆಯನ್ನು ಶೇಕಡ 7ರ ಚಕ್ರಬಡ್ಡಿಗೆ ಇಟ್ಟಿದ್ದರೆ 2025ಕ್ಕೆ, 68 ವರ್ಷದಲ್ಲಿ, ಸುಮಾರು 660 ರೂಪಾಯಿ ಆಗುತ್ತಿತ್ತು. ವ್ಯತ್ಯಾಸ ಇಷ್ಟೇ. ಏರಿದ್ದು ಇಳಿಯುವುದೂ ಉಂಟು. 2008ರಲ್ಲಿ ಟನ್‌ಗೆ 8,000 ಡಾಲರ್ ಮೇಲಿದ್ದ ತಾಮ್ರ ಕೆಲವೇ ತಿಂಗಳಲ್ಲಿ 3,000ಕ್ಕಿಂತ ಕೆಳಗೆ ಬಿತ್ತು. ಕರಿಮೆಣಸು 700ರಿಂದ 300ಕ್ಕೆ ಇಳಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಓಡಾಡುತ್ತಿರುವ ನಾಣ್ಯಗಳ ತಂಟೆಗಂತೂ ಹೋಗಬೇಡಿ. ಹಳೇ 5 ರೂಪಾಯಿ ಬಿಲ್ಲೆಯಲ್ಲಿ ಮುಕ್ಕಾಲು ಪಾಲು ತಾಮ್ರ ಇದೆ ನಿಜ. ಆದರೆ ಚಲಾವಣೆಯ ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧ, 7 ವರ್ಷದವರೆಗೆ ಜೈಲು. ಮುಖಬೆಲೆಗಿಂತ ಜಾಸ್ತಿಗೆ ಮಾರಲೆಂದು ಗುಡ್ಡೆ ಹಾಕಿಡುವುದೂ ತಪ್ಪೇ. ನೂರು ವರ್ಷ ದಾಟಿದ ಕಾಸನ್ನು ಹೊರದೇಶಕ್ಕೆ ಕಳಿಸುವ ಹಾಗೂ ಇಲ್ಲ. "ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ" ಎಂದು ಫೋನ್ ಬಂದರೆ ಕೂಡಲೇ ಇಟ್ಟುಬಿಡಿ. ತನ್ನ ಹೆಸರು ಹೇಳಿಕೊಂಡು ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಬ್ಬಿ ಸಿಕ್ಕಿದ್ದು ಐನ್‌ಮನೆಯಲ್ಲಿ. ಐನ್‌ಮನೆ ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ದೊಡ್ಡ ಕುಟುಂಬದ್ದು. ಹಾಗಿದ್ದ ಮೇಲೆ ಡಬ್ಬಿ ನಿಮ್ಮದೂ ಅಲ್ಲ, ತಮ್ಮನದೂ ಅಲ್ಲ. ಒಕ್ಕದ ಹಿರಿಯರಾದ ಪಟ್ಟೆದಾರರಿಗೆ ತೋರಿಸಿ. ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಸೇರುತ್ತೀರಲ್ಲ, ಆವತ್ತು ಒಳಗಿನ ನಡುಕೋಣೆ, ನೆಲ್ಲಕ್ಕಿ ನಡುಬಾಡೆಯಲ್ಲಿ ಬಟ್ಟೆ ಹಾಸಿ ಮಕ್ಕಳಿಗೆ ಒಂದೊಂದಾಗಿ ತೋರಿಸಿ. ಆಮೇಲೆ ಒಕ್ಕದವರೇ ತೀರ್ಮಾನ ಮಾಡಲಿ.

ಅಲ್ಲಿಯವರೆಗೆ ಜೋಪಾನ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟವರು ತಿಳಿದೇ ಇಟ್ಟಿದ್ದಾರೆ. ಬಿಸಿ, ಹೊಗೆ, ಒಣ ಜಾಗ. ಅದಕ್ಕೇ ಇಷ್ಟು ಮಳೆಗಾಲ ಕಳೆದರೂ ಕಿಲುಬು ಹಿಡಿದಿಲ್ಲ. ಈಗ ಕೆಳಗೆ ತಂದು ಬೀರುವಿನಲ್ಲಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಹಸಿರಾಗಬಹುದು. ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಧೂಳು ಒತ್ತಿ ತೆಗೆಯಿರಿ. ಒಂದೊಂದನ್ನೂ ಕಾಗದದ ಸಣ್ಣ ಕವರಿನಲ್ಲಿ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೆತ್ತಗಿನ ಪ್ಲಾಸ್ಟಿಕ್ ಜೇಬಿನ ಆಲ್ಬಂ ಬೇಡ, ಅದರಿಂದಲೂ ತಾಮ್ರ ಕೆಡುತ್ತದೆ.

ಆ ಆನೆ ಕಾಸನ್ನು ಮಾತ್ರ ಇವತ್ತೇ ಬೇರೆ ತೆಗೆದಿಡಿ. ಬೆಳಗಿನ ಓರೆ ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಹಿಂಬದಿ ನೋಡಿ. ಪಾರಸಿ ಅಕ್ಷರ ಇದ್ದರೆ ಟಿಪ್ಪುವಿನ ಟಂಕಸಾಲೆಯದು ಇರಬಹುದು. ಆ ಕಾಲದ ನೆನಪು ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಕಹಿ. ಆದರೂ ಅದನ್ನು ಎಸೆಯಬೇಡಿ, ಅದೂ ಒಂದು ಸಾಕ್ಷಿ. ಅಡ್ಡಡ್ಡ ಗೆರೆಗಳ ಚೌಕುಳಿ ಇದ್ದರೆ ಮೈಸೂರಿನ ಹಳೇ ಆನೆ ಕಾಸು. ಕನ್ನಡದಲ್ಲಿ "ಮಯಿಲಿ ಕಾಸು" ಎಂದು ಓದಲು ಬಂದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ತೂಕವನ್ನೂ ಬರೆಯಿರಿ. ಕಾಯುತ್ತಿರುತ್ತೇನೆ.